ವೀತರಾಗನಲ್ಲಿ ಬೇಡುವುದೇನು?

ಮಗನು ತಂದೆಯೊಡನೆ ಮಾತು ಬಿಟ್ಟಿರುವನು; ಅಣ್ಣತಮ್ಮಂದಿರು ಪಾಲಿನ ವ್ಯಾಜ್ಯಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿರುವರು; ಮದುವೆಯಾಗಿ ಹೋದ ಮಗಳು ಕಣ್ಣೀರಿಡುತ್ತ ತವರಿಗೆ ಮರಳಿರುವಳು. ಇಂತಹ ಹೊತ್ತಿನಲ್ಲಿ ಮನೆಯ ಹಿರಿಯರು ಬಸದಿಗೆ ಬಂದು, “ಸ್ವಾಮೀ, ನಿನ್ನ ಕೃಪೆಯೊಂದಿದ್ದರೆ ಎಲ್ಲವೂ ಸರಿಹೋದೀತು” ಎಂದು ಕೈಮುಗಿಯುವುದು ಸಹಜ. ಕೆಲವರು ಅದೇ ಉದ್ದೇಶದಿಂದ ನೋಂಪಿಯನ್ನೂ ಹಿಡಿಯುವರು. ಈ ನಂಬಿಕೆಗೆ ಜಿನಮತದಲ್ಲಿ ಎಷ್ಟರ ಸ್ಥಾನವಿದೆಯೆಂಬುದನ್ನು ವ್ರತಾಚರಣೆ ಮಾಡುವವರೆಲ್ಲರೂ ವಿಚಾರಿಸತಕ್ಕದ್ದು.

ನಮ್ಮ ಆರಾಧ್ಯನು ವೀತರಾಗನು. ರಾಗವಿಲ್ಲದವನು ಒಲಿದು ಕೊಡುವುದಿಲ್ಲ. ದ್ವೇಷವಿಲ್ಲದವನು ಮುನಿದು ಕಸಿಯುವುದೂ ಇಲ್ಲ. ಪೂಜೆಯಿಂದ ಜಿನನಿಗೆ ಆಗಬೇಕಾದುದೇನೂ ಇಲ್ಲ, ಅವನ ಗುಣಸ್ಮರಣೆಯಿಂದ ಶುದ್ಧವಾಗುವುದು ಪೂಜಿಸುವವನ ಚಿತ್ತವೇ ಎಂಬ ಅಭಿಪ್ರಾಯವನ್ನು ಸಮಂತಭದ್ರಾಚಾರ್ಯರು ಸ್ವಯಂಭೂ ಸ್ತೋತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ನೊಂದವರಿಗೆ ಈ ಮಾತು ಕಠಿಣವೆಂದು ತೋರಬಹುದು. ಆದರೆ ಇದರಲ್ಲಿ ದೊಡ್ಡದೊಂದು ಸಮಾಧಾನವಿದೆ. ಮನೆಯ ಮೇಲೆ ಬಂದ ಕಷ್ಟವು ಭಗವಂತನ ಕೋಪವಲ್ಲ. ತಾನು ಯಾವುದೋ ಪೂಜೆಯನ್ನು ತಪ್ಪಿಸಿದುದಕ್ಕೆ ಮಗನು ದಾರಿತಪ್ಪಿದನೆಂದು ಯಾವ ತಾಯಿಯೂ ಕೊರಗಬೇಕಾಗಿಲ್ಲ.

ಕೃಪೆಯನ್ನು ಕೊಂಡುಕೊಳ್ಳಹೋದವರ ಗತಿ ಏನಾಯಿತೆಂಬುದನ್ನು ಜೀವದಯಾಷ್ಟಮಿಯ ನೋಂಪಿಯ ಕಥೆ ತಿಳಿಸುತ್ತದೆ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ವಸ್ತುವೂ ಅದೇ. ರಾಣಿ ಅಮೃತಮತಿಯು ಮಾವುತನೊಬ್ಬನಿಗೆ ಮನಸೋತುದನ್ನು ಯಶೋಧರನು ಕಣ್ಣಾರೆ ಕಂಡನು. ತಾಯಿ ಚಂದ್ರಮತಿಗೆ ಮಾತ್ರ ನಿಜವನ್ನು ಹೇಳದೆ, ಕೆಟ್ಟ ಕನಸು ಕಂಡೆನೆಂದನು. ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ಅವಳು ಹಟ ಹಿಡಿದಳು. ಜೀವವಧೆಗೆ ಒಪ್ಪದ ಅರಸನು ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಯಿತ್ತನು. ಅದರಿಂದ ಮನೆ ನೆಟ್ಟಗಾಗಲಿಲ್ಲ; ಅಮೃತಮತಿಯು ತಾಯಿ ಮಗ ಇಬ್ಬರಿಗೂ ವಿಷವಿಕ್ಕಿದಳು. ಆ ಸಂಕಲ್ಪಹಿಂಸೆಯ ಫಲವಾಗಿ ಇಬ್ಬರೂ ಪ್ರಾಣಿಗಳ ಜನ್ಮಗಳಲ್ಲಿ ತೊಳಲಿದರು. ಈ ಕಥೆಯನ್ನು ಅಹಿಂಸೆಯ ಪಾಠವೆಂದು ಎಲ್ಲರೂ ಬಲ್ಲರು. ಮನೆಯೊಳಗಿನ ನೋವನ್ನು ಮನೆಯೊಳಗೆ ಎದುರಿಸದೆ, ಹೊರಗಿನದೊಂದು ಶಕ್ತಿಗೆ ಬೆಲೆ ತೆತ್ತು ಕಳೆದುಕೊಳ್ಳಲು ಹೊರಟುದರ ಪಾಠವೂ ಅದರಲ್ಲಿದೆ.

ನಾವು ಹಿಟ್ಟಿನ ಕೋಳಿಯನ್ನು ಕಡಿಯುವುದಿಲ್ಲ, ನಿಜ. ಆದರೆ “ಇಷ್ಟು ಉಪವಾಸ ಮಾಡುವೆನು, ನನ್ನ ಮಗನನ್ನು ಮರಳಿಸು” ಎಂಬ ಸಂಕಲ್ಪದಲ್ಲಿ ಅದೇ ಬಗೆಯ ವ್ಯಾಪಾರವಿಲ್ಲವೆ? ಶಲ್ಯವಿಲ್ಲದವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ನಿರ್ಣಯ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಫಲದ ಹಂಬಲ. ಮುಳ್ಳು ಒಳಗೇ ಉಳಿದ ಕಾಲು ಎಷ್ಟು ದೂರ ನಡೆದೀತು? ಇನ್ನೊಂದು ಬಗೆಯ ಉಪವಾಸವೂ ಉಂಟು. ಮನೆಯವರ ಮೇಲಿನ ಮುನಿಸಿನಿಂದ, ಅವರನ್ನು ಬಗ್ಗಿಸುವುದಕ್ಕಾಗಿ ಉಣ್ಣದಿರುವುದು. ಹೊಟ್ಟೆ ಬರಿದಾಗಿದ್ದರೂ ಅಲ್ಲಿ ಕಷಾಯವು ತುಂಬಿಕೊಂಡಿರುತ್ತದೆ, ಅದನ್ನು ವ್ರತವೆನ್ನಲಾಗದು.

ಹಾಗಾದರೆ ಸಂಕಟಕಾಲದ ಉಪವಾಸದಿಂದ ಪ್ರಯೋಜನವೇನು? ಪ್ರಿಯರ ಅಗಲಿಕೆ, ಅಪ್ರಿಯರ ಸಹವಾಸ ಇವೆರಡನ್ನೇ ಹಗಲಿರುಳು ನೆನೆಯುವುದನ್ನು ಶಾಸ್ತ್ರವು ಆರ್ತಧ್ಯಾನದಲ್ಲಿ ಎಣಿಸಿದೆ. ಸಂಸಾರ ಕೆಟ್ಟ ಮನೆಯಲ್ಲಿ ಮನಸ್ಸು ಮಾಡುವುದು ಬಹುಮಟ್ಟಿಗೆ ಇದನ್ನೇ. ಅಷ್ಟಮಿ ಚತುರ್ದಶಿಗಳಲ್ಲಿ ಆಹಾರವನ್ನೂ ಆರಂಭವನ್ನೂ ಬಿಟ್ಟು ಸಾಮಾಯಿಕದಲ್ಲಿ ಕುಳಿತವನಿಗೆ ಈ ಸುಳಿಯಿಂದ ಸ್ವಲ್ಪ ಹೊತ್ತಾದರೂ ಹೊರಬರುವ ಅವಕಾಶ ದೊರೆಯುತ್ತದೆ. ಆಗ ತನ್ನ ಮಾನ ಕ್ರೋಧಗಳ ಪಾಲು ಎಷ್ಟೆಂಬುದು ಕಾಣತೊಡಗುತ್ತದೆ. ತಪಸ್ಸಿನಿಂದ ನಿರ್ಜರೆಯೆಂಬ ಮಾತು ಅನುಭವಕ್ಕೆ ಬರುವುದು ಅಲ್ಲಿಯೇ.

“ಎಲ್ಲವೂ ಅವರವರ ಕರ್ಮ, ನಾವು ಮಾಡುವುದೇನಿದೆ?” ಎಂದು ಕೆಲವರು ಕೈಚೆಲ್ಲುವರು. ಇದು ಸಿದ್ಧಾಂತದ ದುರುಪಯೋಗ. ಕರ್ಮವಿಚಾರವು ನನ್ನ ದುಃಖವನ್ನು ನಾನು ಸಮತೆಯಿಂದ ಸಹಿಸುವುದಕ್ಕೆ. ಪರರ ದುಃಖವನ್ನು ಕಂಡೂ ಸುಮ್ಮನಿರುವುದಕ್ಕಲ್ಲ. ಕ್ಲೇಶದಲ್ಲಿರುವವರಲ್ಲಿ ಕಾರುಣ್ಯವನ್ನು ಅದೇ ಏಳನೆಯ ಅಧ್ಯಾಯವು ವಿಧಿಸಿದೆ. ಗಂಡನ ಮನೆಯಲ್ಲಿ ಹೊಡೆತ ತಿಂದು ಬಂದ ಮಗಳಿಗೆ ಸಹನೆಯನ್ನು ಬೋಧಿಸಿ, ಒಂದು ನೋಂಪಿ ಹಿಡಿಸಿ, ಹಿಂದಕ್ಕೆ ಕಳುಹಿಸುವುದು ಧರ್ಮವಲ್ಲ. ಅವಳಿಗೆ ಆಶ್ರಯ ಕೊಡುವುದೂ, ಬೇಕಾದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ದೊರಕಿಸುವುದೂ ಶ್ರಾವಕನ ಕರ್ತವ್ಯವೇ. ಹೇಳಿದುದನ್ನು ಕೇಳದ ಮಗನ ವಿಷಯದಲ್ಲಿ ಶಾಸ್ತ್ರವು ಹೇಳುವುದು ಮಾಧ್ಯಸ್ಥ್ಯವನ್ನು. ಅಂದರೆ ದ್ವೇಷಿಸದೆ, ಹಿಂದೆ ಬಿದ್ದು ಪೀಡಿಸದೆ, ಬಾಗಿಲನ್ನು ಮುಚ್ಚದೆ ಇರುವುದು. ಇದು ಉಪವಾಸಕ್ಕಿಂತ ಕಷ್ಟದ ವ್ರತವೆಂದು ತಂದೆತಾಯಿಗಳು ಬಲ್ಲರು.

ಆದುದರಿಂದ ಜಿನಬಿಂಬದ ಮುಂದೆ ನಿಂತಾಗ, ಮನೆ ಸರಿಹೋಗಲೆಂದು ಮನಸ್ಸು ಹಂಬಲಿಸಿದರೆ ಅದಕ್ಕಾಗಿ ನಾಚಬೇಕಾಗಿಲ್ಲ; ನಾವಿನ್ನೂ ಗೃಹಸ್ಥರು. ಆದರೆ ಆ ಹಂಬಲವನ್ನು ವ್ರತದ ಬೆಲೆಯಾಗಿ ಕಟ್ಟದಿರೋಣ. ಮಗನು ಮರಳಬಹುದು, ಮರಳದೆಯೂ ಇರಬಹುದು; ಅದು ಅವನ ಭಾವಕ್ಕೆ ಸೇರಿದುದು. ಮರಳಿದ ದಿನ ಹಳೆಯ ಲೆಕ್ಕವನ್ನು ಎತ್ತದೆ ಅವನಿಗೆ ಊಟಕ್ಕೆ ಬಡಿಸುವಷ್ಟು ನಮ್ಮ ಚಿತ್ತವನ್ನು ತಿಳಿಯಾಗಿರಿಸಿಕೊಳ್ಳುವುದು ನಮಗೆ ಸೇರಿದುದು. ವೀತರಾಗನಲ್ಲಿ ಇಟ್ಟ ಶ್ರದ್ಧೆಯಿಂದ ಅಷ್ಟು ಸಾಧಿಸಿದರೆ ವ್ರತವು ಸಫಲವಾಯಿತೆಂದೇ ತಿಳಿಯತಕ್ಕದ್ದು.