ಒಂದೇ ಭತ್ತ, ಮೂರು ವಯಸ್ಸು: ರುಚಿಭೇದದ ಮೀಮಾಂಸೆ

ಹಾನಗಲ್ಲಿನ ಕಡೆ ಮನೆಗೆ ಬೀಗರು ಬಂದರೆ ಹಳೇ ಅಕ್ಕಿಯ ಚೀಲ ಬಿಚ್ಚುತ್ತಾರೆ. ಮದುವೆಗೆ ಸಾಮಾನಿನ ಯಾದಿ ಬರೆಸುವ ಅಡುಗೆಯವರು ಅಕ್ಕಿ ಮಾತ್ರ ಹಳೇದೇ ಇರಲಿ ಎಂದು ಎರಡೆರಡು ಸಲ ಹೇಳುತ್ತಾರೆ. ಜ್ವರ ಬಿಟ್ಟು ಎದ್ದವರಿಗೂ ಅದೇ ಅಕ್ಕಿ. ಇಷ್ಟು ಮರ್ಯಾದೆ ಇರುವ ಈ ಅಕ್ಕಿಯನ್ನು ಉಂಡೆದ್ದ ನಾಲ್ಕು ಮಂದಿಯನ್ನು ಕೇಳಿದರೆ ನಾಲ್ಕು ಮಾತು ಬರುತ್ತವೆ. ಒಬ್ಬರಿಗೆ ಮಲ್ಲಿಗೆ ಮೊಗ್ಗಿನಂಥ ಅನ್ನ, ಇನ್ನೊಬ್ಬರಿಗೆ ಜೀವವಿಲ್ಲದ ಒಣಕಲು ಅಗಳು.

ಫ್ರಾನ್ಸಿನ ಬೋರ್ಡೋ ಸೀಮೆಯ ಹೆಸರಾಂತ ಕೆಂಪು ವೈನಿನ ಸುತ್ತಲೂ ಇದೇ ವ್ಯಾಜ್ಯವಿದೆ. ಐದನೆಯ ವರ್ಷಕ್ಕೆ ಬಾಟಲಿ ತೆರೆದವರು ಒಗರು ಎನ್ನುತ್ತಾರೆ. ಹದಿನೈದನೆಯ ವರ್ಷಕ್ಕೆ ಒಬ್ಬರು ಈಗ ಹದಕ್ಕೆ ಬಂತು ಎಂದರೆ ಪಕ್ಕದವರು ಇದರ ಕಾಲ ಮುಗಿಯಿತು ಎನ್ನುತ್ತಾರೆ. ಒಂದೇ ತೋಟ, ಒಂದೇ ವರ್ಷ, ಒಂದೇ ಬಾಟಲಿ. ನಾನು ಅಕ್ಕಿಯನ್ನು ಹಿಡಿದು ಈ ಗಂಟನ್ನು ಬಿಡಿಸಲು ಕೂತಿದ್ದೇನೆ. ನನ್ನ ಕೈಗೆ ಪಳಗಿದ್ದು ಅಕ್ಕಿ. ವೈನನ್ನು ಬೇಕಾದಲ್ಲಿ ಸಾಕ್ಷಿಗೆ ಕರೆಯುತ್ತೇನೆ.

ಮೊದಲು ವಿಷಯ. ನಾಲ್ಕು ವರ್ಷದ ಹಿಂದಿನ ಮಾಘದಲ್ಲಿ ನಮ್ಮ ಮನೆಯಲ್ಲಿ ಮೂರು ಚೀಲ ಭತ್ತ ಒಟ್ಟಿಗೆ ಕೂಡಿತು. ಮೂರೂ ಕೆರೆ ಕೆಳಗಿನ ಒಂದೇ ಹೊಲದ್ದು, ಕೂರಿಗೆಯಲ್ಲಿ ಬಿತ್ತಿದ ಇಂಟಾನ್ ತಳಿ. ಒಂದು ಆ ಮಾರ್ಗಶಿರದಲ್ಲಿ ಕೊಯ್ದದ್ದು, ಒಂದು ಅದರ ಹಿಂದಿನ ವರ್ಷದ್ದು, ಇನ್ನೊಂದು ಕಣಜದ ತಳದಲ್ಲಿ ಬೇವಿನ ತಪ್ಪಲಿನ ಸಂಗಡ ಉಳಿದುಹೋಗಿದ್ದ ಮೂರು ವರ್ಷದ್ದು. ಮೂರನ್ನೂ ಒಂದೇ ದಿನ, ಒಂದೇ ಗಿರಣಿಯಲ್ಲಿ ಅಕ್ಕಿ ಮಾಡಿಸಿದೆ. ಹೊಸ ಅಕ್ಕಿ ಹಾಲಿನಂತೆ ಬೆಳ್ಳಗೆ, ಮುಟ್ಟಿದರೆ ತಂಪು. ಮೂರು ವರ್ಷದ್ದಕ್ಕೆ ಹಳದಿಯ ಛಾಯೆ, ಹಿಡಿಯಲ್ಲಿ ಹಿಡಿದು ಬಿಟ್ಟರೆ ಸಣ್ಣ ಹರಳಿನಂತೆ ಸದ್ದು ಮಾಡುತ್ತಿತ್ತು. ಒಲೆಯ ಮೇಲಿಟ್ಟಾಗ ಹೊಸದಕ್ಕೆ ಒಂದಕ್ಕೆರಡು ನೀರು ಹೆಚ್ಚೇ ಆಯಿತು, ವರ್ಷದ್ದು ಎರಡೂವರೆ ಕುಡಿಯಿತು, ಮೂರು ವರ್ಷದ್ದು ಮೂರು ಕುಡಿದೂ ಇನ್ನಷ್ಟು ಕೇಳಿತು.

ಉಣ್ಣಲು ಕೂತವರು ನಾಲ್ವರು: ಅವ್ವ, ಪಕ್ಕದ ಮನೆಯ ನಿವೃತ್ತ ಮಾಸ್ತರರು, ಶಿರಸಿ ಕಡೆಯ ಅತ್ತಿಗೆ, ಮಂಗಳೂರಿನಿಂದ ಬಂದ ತಮ್ಮನ ಹೆಂಡತಿ. ಯಾವ ತಪ್ಪಲೆಯಲ್ಲಿ ಯಾವುದಿದೆ ಎಂದು ಯಾರಿಗೂ ಹೇಳಿರಲಿಲ್ಲ. ಮಾಸ್ತರರು ಎರಡನೆಯದರಲ್ಲಿ ಕೈಯಿಟ್ಟು, "ಅನ್ನ ಅಂದ್ರ ಇದು ನೋಡ್ರಿ. ಸಾರು ಒಳಗ ಹಿಡಿತೈತಿ, ಅಗಳು ಒಡೆಯೂದಿಲ್ಲ" ಎಂದರು. ಅವ್ವ ಮೂರನೆಯದನ್ನು ಹಿಡಿದಳು: "ಇದು ಹೊಟ್ಟಿಗೆ ಭಾರ ಆಗೂದಿಲ್ಲಪ್ಪಾ, ನನಗ ಇದ ಇರಲಿ." ಅತ್ತಿಗೆ ಹೊಸದನ್ನು ಮೂಗಿನ ಹತ್ತಿರ ತಂದು, ಇದರಲ್ಲಿ ಇನ್ನೂ ಗದ್ದೆಯ ಹಸಿ ವಾಸನೆಯಿದೆ, ಉಳಿದ ಎರಡರಲ್ಲಿ ಅದು ಸತ್ತಿದೆ ಎಂದರು. ಮಂಗಳೂರಿನವಳಿಗೆ ಕುಚ್ಚಲಕ್ಕಿಯ ಮುಂದೆ ಮೂರೂ ಸಪ್ಪೆ. ಆದರೂ ಅಗಳು ಅಗಳಾಗಿ ನಿಂತದ್ದಕ್ಕೆ ಮೂರು ವರ್ಷದ್ದೇ ವಾಸಿ ಎಂದಳು. ಹೊಸದು ಯಾವುದೆಂಬುದರಲ್ಲಿ ನಾಲ್ವರೂ ತಪ್ಪಲಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಸಂಶಯ ಇಷ್ಟೇ: ನಾಲ್ಕು ಮಾತಿನಲ್ಲಿ ಒಂದು ನಿಜ, ಮೂರು ತಪ್ಪೋ? ನಾಲ್ಕೂ ಬರೀ ಮನಸ್ಸಿನ ಆಟವೋ? ನಾಲ್ಕೂ ನಿಜವೋ?

ಮೊದಲನೆಯ ಪೂರ್ವಪಕ್ಷ, ಅಂದರೆ ಎದುರಿನವರ ವಾದ, ದಿನಾ ಕೇಳುವಂಥದು. ಒಬ್ಬೊಬ್ಬರ ನಾಲಿಗೆ ಒಂದೊಂದು ಥರ, ಇದರಲ್ಲಿ ವಿಚಾರ ಮಾಡುವುದೇನಿದೆ, ಅವರವರಿಗೆ ಬೇಕಾದ್ದನ್ನು ಅವರವರು ಉಣ್ಣಲಿ.

ಇದು ಉದಾರವಾದ ಮಾತಿನಂತೆ ಕಾಣುತ್ತದೆ. ಆದರೆ ವಿಚಾರದ ಬಾಗಿಲನ್ನು ಮೊದಲೇ ಮುಚ್ಚಿಬಿಡುತ್ತದೆ. ವೇದವಾಕ್ಯಗಳ ಅರ್ಥ ಬಿಡಿಸುವ ಮೀಮಾಂಸಕರಿಗೆ ಇದೇ ಥರದ ತೊಡಕು ಇದೇ ಧಾನ್ಯದಲ್ಲಿ ಎದುರಾಗಿತ್ತು. ಯಾಗಕ್ಕೆ ಒಂದು ವಾಕ್ಯ ಭತ್ತವನ್ನು ವಿಧಿಸುತ್ತದೆ, ಇನ್ನೊಂದು ಜವೆಗೋಧಿಯನ್ನು. ಎರಡೂ ಪ್ರಮಾಣ. ಅಲ್ಲಿ ಅವರು ವಿಕಲ್ಪ ಒಪ್ಪಿದರು, ಇದಾದರೂ ಸರಿ ಅದಾದರೂ ಸರಿ ಎಂದು. ಆದರೆ ಸುಮ್ಮನೆ ಒಪ್ಪಲಿಲ್ಲ. ವಿಕಲ್ಪಕ್ಕೆ ಎಂಟು ದೋಷ ಎಂದು ಎಣಿಸಿಟ್ಟರು. ಭತ್ತ ಹಿಡಿದ ದಿನ ಜವೆಯ ವಾಕ್ಯದ ಪ್ರಾಮಾಣ್ಯವನ್ನು ಬಿಡಬೇಕು, ಜವೆ ಹಿಡಿದ ದಿನ ಅದನ್ನೇ ಮರಳಿ ಕರೆತರಬೇಕು. ಹಾಗಾಗಿ ಬೇರೆ ದಾರಿಯೇ ಇಲ್ಲದಾಗ ಮಾತ್ರ ವಿಕಲ್ಪ. ಎರಡು ವಾಕ್ಯಗಳಿಗೂ ಬೇರೆಬೇರೆ ಸಂದರ್ಭ ಸಿಕ್ಕಿದರೆ ಅದೇ ಮೇಲು, ಅದಕ್ಕೆ ವ್ಯವಸ್ಥೆ ಎನ್ನುತ್ತಾರೆ. "ಅವರವರ ರುಚಿ" ಎನ್ನುವವರು ವ್ಯವಸ್ಥೆಯನ್ನು ಹುಡುಕುವ ಮೊದಲೇ ವಿಕಲ್ಪಕ್ಕೆ ಹಾರುತ್ತಾರೆ.

ಹುಡುಕಿದರೆ ವ್ಯವಸ್ಥೆ ಇದೆಯೇ? ಇದೆ, ಅಕ್ಕಿಯ ಕಾಳಿನೊಳಗೇ ಇದೆ. ಭತ್ತ ಕಣಜದಲ್ಲಿ ಕೂತಾಗ ಕಾಳಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೊಬ್ಬು ಒಡೆದು ಬಿಡಿ ಆಮ್ಲಗಳಾಗುತ್ತದೆ, ಅವು ಪಿಷ್ಟದೊಂದಿಗೆ ಕೂಡುತ್ತವೆ. ಪಿಷ್ಟದ ಕಣ ಮೊದಲಿನಷ್ಟು ಸುಲಭವಾಗಿ ಒಡೆದು ಗಂಜಿಗೆ ಸೇರುವುದಿಲ್ಲ. ಆದ್ದರಿಂದ ಹಳೇ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಉದ್ದ ಹಿಗ್ಗುತ್ತದೆ, ಉದುರುದುರಾಗುತ್ತದೆ. ಇದು ಮಾಸ್ತರರ ಮಾತು. ಅದೇ ಹೊತ್ತಿಗೆ ಪರಿಮಳ ಕೊಡುವ ವಸ್ತುಗಳು ಸೋರಿಹೋಗುತ್ತವೆ. ಅಂಬೆಮೊಹರದಂಥ ಗಂಧದ ಅಕ್ಕಿಯಲ್ಲಂತೂ ಇದು ಎದ್ದು ಕಾಣುತ್ತದೆ. ಆ ಜಾಗಕ್ಕೆ ಕೊಬ್ಬು ಹಳಸಿದಾಗ ಹುಟ್ಟುವ ಹೆಕ್ಸನಾಲ್‌ನಂಥ ವಾಸನೆಗಳು ಬರುತ್ತವೆ. ಇದು ಅತ್ತಿಗೆಯ ಮಾತು. ಇಬ್ಬರೂ ಒಂದೇ ಕಾಳಿನ ಎರಡು ನಿಜಗಳನ್ನು ಹೇಳಿದರು. ಒಬ್ಬರು ಕೈಯಿಂದ ಕಂಡರು, ಇನ್ನೊಬ್ಬರು ಮೂಗಿನಿಂದ ಕಂಡರು. ವೈನಿನಲ್ಲಿಯೂ ಹೀಗೇ. ಒಗರು ಕೊಡುವ ಟ್ಯಾನಿನ್ ಕೂಡಿ ದೊಡ್ಡದಾಗುತ್ತಾ ಕೊನೆಗೆ ಗಸಿಯಾಗಿ ತಳಕ್ಕೆ ಕೂರುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ, ಹಣ್ಣಿನ ವಾಸನೆ ಹೋಗಿ ಒಣಗಿದ ಎಲೆ, ತೊಗಲು, ಹಸಿಮಣ್ಣಿನ ವಾಸನೆ ಏಳುತ್ತದೆ. ಹಣ್ಣನ್ನು ಹುಡುಕಿದವರಿಗೆ ಅದು ಸತ್ತಿದೆ. ಮೃದುತನವನ್ನು ಹುಡುಕಿದವರಿಗೆ ಅದು ಈಗ ಬಂದಿದೆ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಗಟ್ಟಿ. ಜನ ರುಚಿಯನ್ನು ಉಣ್ಣುವುದಿಲ್ಲ, ಹೆಸರನ್ನು ಉಣ್ಣುತ್ತಾರೆ. ಹಳೇದು ಎಂದು ಮೊದಲೇ ಕಿವಿಗೆ ಬಿದ್ದರೆ ನಾಲಿಗೆ ತಾನೇ ಹೊಗಳುತ್ತದೆ. ಇದಕ್ಕೆ ಪುರಾವೆಯೂ ಇದೆ. ಬೋರ್ಡೋದಲ್ಲಿ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ ಬಣ್ಣಿಸಿದರು. ಮೊರೊ, ಬ್ರೊಶೆ, ದ್ಯುಬೂರ್ದಿಯೂ ಇದನ್ನು 2001ರಲ್ಲಿ ಪ್ರಕಟಿಸಿದರು.

ಈ ಪುರಾವೆಯನ್ನು ನಾನು ಒಪ್ಪುತ್ತೇನೆ. ಕಣ್ಣು ನಾಲಿಗೆಯ ಮಾತನ್ನು ತಿದ್ದುತ್ತದೆ ಎಂಬುದು ಅದರಿಂದ ಸಿದ್ಧವಾಗುತ್ತದೆ. ನಾಲಿಗೆಗೆ ಸ್ವಂತ ಮಾತೇ ಇಲ್ಲ ಎಂಬುದು ಸಿದ್ಧವಾಗುವುದಿಲ್ಲ. ನಮ್ಮ ಮೂರು ತಪ್ಪಲೆಗಳಿಗೆ ಹೆಸರಿರಲಿಲ್ಲ, ಆದರೂ ನಾಲ್ವರೂ ಹೊಸದನ್ನು ಗುರುತಿಸಿದರು. ಇಲ್ಲಿ ಗುರುತು ಬೇರೆ, ಮೆಚ್ಚುಗೆ ಬೇರೆ ಎಂದು ಬಿಡಿಸಿಕೊಳ್ಳಬೇಕು. ಗುರುತಿನಲ್ಲಿ ಅವರು ಒಂದಾದರು, ಮೆಚ್ಚುಗೆಯಲ್ಲಿ ಬೇರೆಯಾದರು. ಇನ್ನೊಂದು ಮಾತೂ ಇದೆ. ಅನ್ನವನ್ನು ನಾವು ಕೈಯಿಂದ ಉಣ್ಣುತ್ತೇವೆ. ಹೆಬ್ಬೆರಳು ಒಂದು ಅಗಳನ್ನು ಒತ್ತಿ ನೋಡುವುದು ನಾಲಿಗೆಗಿಂತ ಮೊದಲು. ಅವ್ವ ಮಾತಾಡುತ್ತಲೇ ಬೆರಳ ತುದಿಯಲ್ಲಿ ಅಗಳನ್ನು ಉರುಳಿಸುತ್ತಿದ್ದಳು. ಹೆಸರು ಕಿವಿಯನ್ನು ಮರುಳು ಮಾಡೀತು, ಬಣ್ಣ ಕಣ್ಣನ್ನು ಮರುಳು ಮಾಡೀತು. ಅಕ್ಕಿಯ ವಯಸ್ಸಿನ ಬಗ್ಗೆ ಆ ಹೆಬ್ಬೆರಳನ್ನು ಮರುಳು ಮಾಡುವುದು ಕಷ್ಟ.

ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹಾನಗಲ್ಲು ಪಾನುಂಗಲ್ ಐನೂರು ಎಂಬ ನಾಡಾಗಿ ಕಲ್ಯಾಣದ ಚಾಲುಕ್ಯರ ಕೆಳಗೆ ಇದ್ದ ಕಾಲದಲ್ಲಿ, ಅರಸ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ಗ್ರಂಥ ಬರೆಸಿದ. ಅದರ ಅನ್ನಭೋಗ ಎಂಬ ಭಾಗದಲ್ಲಿ ಅಕ್ಕಿಗೆ ಎಂಟು ಬಗೆ ಹೇಳಿದೆ: ಬಣ್ಣದಿಂದ, ಗಂಧದಿಂದ, ಗಾತ್ರದಿಂದ, ಅರವತ್ತು ದಿನಕ್ಕೆ ಬರುವುದೆಂಬ ಅವಧಿಯಿಂದ. ಇವೆಲ್ಲ ಜಾತಿಯ ಹೆಸರುಗಳು. ಹಳೇದು ಎಂಬುದು ಜಾತಿಯಲ್ಲ, ಅವಸ್ಥೆ. ಎಂಟು ಬಗೆಗೂ ಅದು ಬರುತ್ತದೆ, ಒಂದೊಂದಕ್ಕೆ ಒಂದೊಂದು ಥರ ಬರುತ್ತದೆ.

ಮೂರನೆಯ ಪೂರ್ವಪಕ್ಷದವರು ಶಾಸ್ತ್ರ ಹಿಡಿದು ಬರುತ್ತಾರೆ. ಹೊಸ ಧಾನ್ಯ ಗುರು, ವರ್ಷ ಕಳೆದದ್ದು ಲಘು ಎಂದು ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವೇ ಹೇಳುತ್ತದೆ, ಮದ್ಯದ ಬಗ್ಗೆಯೂ ಅದೇ ನಿಲುವು. ಹೀಗಿರುವಾಗ ಹಳೇದೇ ಮೇಲು, ಅತ್ತಿಗೆಯ ಮೂಗು ತಪ್ಪು ಎನ್ನುತ್ತಾರೆ.

ಚರಕ ಹೇಳಿದ್ದು ಹೊಟ್ಟೆಯ ಮಾತು. ಹಗುರ ಎಂದ ಮಾತ್ರಕ್ಕೆ ರುಚಿಯೂ ಹೆಚ್ಚು ಎಂದಾಗುವುದಿಲ್ಲ. ಅವ್ವ ಹೇಳಿದ್ದೂ ಹೊಟ್ಟೆಯ ಮಾತೇ, ಆದ್ದರಿಂದ ಚರಕನ ಸಾಕ್ಷಿ ಅವಳಿಗೆ ಸಲ್ಲುತ್ತದೆ. ಅತ್ತಿಗೆಯ ವಿರುದ್ಧ ಅದನ್ನು ತಿರುಗಿಸಲು ಬರುವುದಿಲ್ಲ. ಇದಕ್ಕೂ ಮೇಲೆ, ಹಳೇದೇ ಮೇಲು ಎಂಬುದು ಅನ್ನ ಉಣ್ಣುವ ಲೋಕವೆಲ್ಲ ಒಪ್ಪಿದ ಮಾತೂ ಅಲ್ಲ. ಜಪಾನಿನವರು ಹೊಸ ಅಕ್ಕಿಗೆ ಕಾಯುತ್ತಾರೆ. ಅದಕ್ಕೆ ಶಿನ್‌ಮಾಯಿ ಎಂಬ ಹೆಸರು. ಆ ವರ್ಷ ಕೊಯ್ದು ಡಿಸೆಂಬರ್ 31ರೊಳಗೆ ಚೀಲಕ್ಕೆ ತುಂಬಿದ್ದಕ್ಕೆ ಮಾತ್ರ ಆ ಹೆಸರು ಹಾಕಬಹುದು. ಅವರಿಗೆ ಅಂಟುವ, ಹೊಳೆಯುವ, ತೇವದ ಅನ್ನ ಬೇಕು. ನಮಗೂ ಎಲ್ಲ ದಿನ ಉದುರನ್ನವೇ ಬೇಕೇ? ಸಂಕ್ರಾಂತಿಯ ಹುಗ್ಗಿಗೆ ಹೊಸ ಅಕ್ಕಿಯೇ ಸರಿ. ಹೊಲಕ್ಕೆ ಒಯ್ಯುವ ಮೊಸರ ಬುತ್ತಿ ಕಲಸಿ ಮುದ್ದೆ ಕಟ್ಟಲು ಮೆತ್ತನ್ನ ಅನ್ನವೇ ಬೇಕು. ಅದೇ ಮನೆಯಲ್ಲಿ ಅದೇ ಕೈ ಚಿತ್ರಾನ್ನಕ್ಕೆ ಹಳೇ ಚೀಲಕ್ಕೆ ಹೋಗುತ್ತದೆ. ಇಲ್ಲಿ ಶಾಸ್ತ್ರಕ್ಕಿಂತ ಅಡುಗೆಮನೆಯ ವ್ಯವಸ್ಥೆ ಖಚಿತವಾಗಿದೆ.

ವೈನಿನವರಿಗೂ ಈ ಪಕ್ಷದಿಂದ ಪೆಟ್ಟು ಬಿದ್ದದ್ದುಂಟು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ ಹೆಸರು ಮುಚ್ಚಿ ಹತ್ತು ಕೆಂಪು ವೈನು ಇಟ್ಟರು, ನಾಲ್ಕು ಫ್ರಾನ್ಸಿನವು, ಆರು ಕ್ಯಾಲಿಫೋರ್ನಿಯಾದವು. ಫ್ರೆಂಚ್ ತೀರ್ಪುಗಾರರ ಅಂಕದಲ್ಲೇ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973 ಮೊದಲು ಬಂತು. ಬೋರ್ಡೋ ವೈನು ಎಳೆಯದು, ಮಾಗಿದ ಮೇಲೆ ನೋಡಿ ಎಂಬ ಆಕ್ಷೇಪ ಎದ್ದಿತು. ಮೂವತ್ತು ವರ್ಷ ಕಾದು 2006ರಲ್ಲಿ ಅದೇ ಕೆಂಪು ವೈನುಗಳನ್ನು ಲಂಡನ್ನಿನಲ್ಲೂ ನಾಪಾದಲ್ಲೂ ಮತ್ತೆ ಕುಡಿದು ನೋಡಿದರು. ಈ ಸಲ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ರಿಡ್ಜ್ ಮಾಂಟೆ ಬೆಲ್ಲೊ 1971, ಮೊದಲ ಸಲ ಐದನೆಯ ಸ್ಥಾನದಲ್ಲಿದ್ದದ್ದು. ವಯಸ್ಸು ಸ್ಥಾನವನ್ನು ಬದಲಿಸಿತು, ನಿಜ. ಆದರೆ ಪರಂಪರೆ ಹೇಳಿದ ದಿಕ್ಕಿಗೆ ಬದಲಿಸಲಿಲ್ಲ. ನಂದಿಬೆಟ್ಟದ ಮಗ್ಗುಲಲ್ಲಿ ಬೆಳೆದ ದ್ರಾಕ್ಷಿಯ ಗ್ರೋವರ್ "ಲಾ ರಿಸರ್ವ್" ಬಾಟಲಿಯನ್ನು ಕಪಾಟಿನಲ್ಲಿ ಇಟ್ಟು ಕಾಯುವವರಿಗೂ ಇದೇ ಮಾತು. ಕಾದರೆ ಏನಾಗುತ್ತದೆ ಎಂಬುದನ್ನು ತೆರೆದೇ ತಿಳಿಯಬೇಕು.

ನಾಲ್ಕನೆಯ ಪೂರ್ವಪಕ್ಷ: ಎಲ್ಲರ ಮಾತಿಗೂ ಒಂದೊಂದು ಜಾಗ ಕೊಟ್ಟರೆ ಕೆಟ್ಟ ಅಕ್ಕಿ ಎಂಬುದೇ ಇಲ್ಲವಾಗುತ್ತದಲ್ಲ?

ಇಲ್ಲವಾಗುವುದಿಲ್ಲ. ಒಮ್ಮೆ ಒಂದು ಅಂಗಡಿಯಲ್ಲಿ ಎರಡು ವರ್ಷದ ಅಕ್ಕಿ ಎಂದು ದುಡ್ಡು ಹೆಚ್ಚು ಕೊಟ್ಟು ತಂದಿದ್ದೆ. ಬೇಯುವಾಗಲೇ ಮುಗ್ಗಲು ವಾಸನೆ ಮನೆ ತುಂಬಿತು. ಚೀಲ ಎಲ್ಲೋ ಮಳೆಗೆ ನೆಂದು ಒಣಗಿತ್ತು. ಅಂದು ಪಂಕ್ತಿಯಲ್ಲಿ ಭಿನ್ನಮತ ಇರಲಿಲ್ಲ, ಎಲ್ಲರೂ ಮೊದಲ ತುತ್ತಿಗೇ ಕೈ ಹಿಂದೆ ತೆಗೆದರು. ವೈನಿನ ಬಿರಡೆಯಲ್ಲಿ ಟಿ.ಸಿ.ಎ. ಎಂಬ ರಾಸಾಯನಿಕ ಸೇರಿದರೆ ನೆಂದ ರಟ್ಟಿನ ವಾಸನೆ ಬರುತ್ತದೆ. ಅದು ಹೆಚ್ಚಾಗಿದ್ದರೆ ಅಲ್ಲಿಯೂ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಅಂದರೆ ದೋಷ ಬೇರೆ, ವಯಸ್ಸು ಬೇರೆ. ದೋಷ ನಾಲಿಗೆಗಳನ್ನು ಒಂದು ಮಾಡುತ್ತದೆ, ವಯಸ್ಸು ಅವುಗಳನ್ನು ಬೇರೆ ಮಾಡುತ್ತದೆ. ಭಿನ್ನಮತ ಎದ್ದಿದೆ ಎಂದರೆ ಆ ಅಕ್ಕಿಯಲ್ಲಿ ಇನ್ನೂ ಹೇಳಿಕೊಳ್ಳುವಂಥ ಸತ್ವ ಇದೆ ಎಂದು ನಾನು ತಿಳಿಯುತ್ತೇನೆ.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ದಿನ ಕಾಡಿದ್ದು. ವಯಸ್ಸಾಗುವುದು ಅಕ್ಕಿಗೆ ಮಾತ್ರವಲ್ಲ, ಉಣ್ಣುವವನಿಗೂ ಆಗುತ್ತದೆ. ಹಲ್ಲು ಹೋಗುತ್ತವೆ, ಮೂಗು ಮಂದವಾಗುತ್ತದೆ. ಎರಡೂ ಸರಿದಾಡುವಾಗ ಯಾವುದು ಎಷ್ಟು ಸರಿಯಿತು ಎಂದು ಅಳೆಯುವುದು ಹೇಗೆ? ಗಾಯಕಿ ಗಂಗೂಬಾಯಿ ಹಾನಗಲ್ಲರ ಕಂಠದ ಬಗ್ಗೆ ಈ ಪ್ರಶ್ನೆ ಬಂದರೆ ಉತ್ತರ ಸುಲಭ. 1930ರ ದಶಕದಲ್ಲಿ ಗಾಂಧಾರಿ ಹುಬಳಿಕರ ಎಂಬ ಹೆಸರಿನಲ್ಲಿ ಬಂದ ಗ್ರಾಮಫೋನ್ ತಟ್ಟೆಗಳ ತೆಳು, ಚೂಪು ದನಿಯೂ ಗಂಟಲಿನ ಚಿಕಿತ್ಸೆಯ ನಂತರದ ಆಳವಾದ ಗಂಡುದನಿಯೂ ನಮ್ಮ ಬಳಿ ಉಳಿದಿವೆ, ಒಂದೇ ಸಂಜೆ ಎರಡನ್ನೂ ಕೇಳಬಹುದು. ಅನ್ನಕ್ಕೆ ಅಂಥ ತಟ್ಟೆಯಿಲ್ಲ. ಹೋದ ವರ್ಷ ಉಂಡ ತುತ್ತನ್ನು ಈ ವರ್ಷ ಮತ್ತೆ ಉಣ್ಣಲಾರೆ.

ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಆದರೆ ಒಂದು ಉಪಾಯವಿದೆ, ವೈನಿನವರೂ ಅದನ್ನೇ ಮಾಡುತ್ತಾರೆ: ಒಂದೇ ತೋಟದ ಬೇರೆಬೇರೆ ವರ್ಷದ ಬಾಟಲಿಗಳನ್ನು ಒಂದೇ ದಿನ ಸಾಲಾಗಿ ತೆರೆಯುತ್ತಾರೆ. ನಾಲಿಗೆ ಆ ದಿನದ ಮಟ್ಟಿಗೆ ಒಂದೇ ಆಗಿರುವುದರಿಂದ ಉಳಿದ ವ್ಯತ್ಯಾಸವೆಲ್ಲ ಬಾಟಲಿಯದು. ನಮ್ಮ ಮೂರು ತಪ್ಪಲೆ ಅದೇ ಕೆಲಸ ಮಾಡಿದವು. ಉಣ್ಣುವವರು ಎಷ್ಟು ಸರಿದರು ಎಂದು ತಿಳಿಯಲು ಅವೇ ಮೂರು ತಪ್ಪಲೆಗಳನ್ನು ಕೆಲವು ವರ್ಷ ಬಿಟ್ಟು ಮತ್ತೆ ಇಡಬೇಕು. ಅದಕ್ಕೇ ಅಂದಿನ ಮಾತುಗಳನ್ನು ತಿಥಿ ಸಮೇತ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ. ಯಾರು, ಎಷ್ಟು ವಯಸ್ಸು, ಯಾವ ಸಾರಿನ ಜೊತೆ ಎಂಬುದನ್ನೂ ಬರೆದೆ. ರುಚಿಯ ಮಾತಿಗೆ ಇಷ್ಟು ಕೂಡಿದರೆ ಅದು ಪ್ರಮಾಣವಾಗುತ್ತದೆ, ಇಲ್ಲದಿದ್ದರೆ ಬರೀ ಹೇಳಿಕೆ.

ಈ ಮಾಘದಲ್ಲಿ ಮತ್ತೆ ಮೂರು ತಪ್ಪಲೆ ಇಟ್ಟೆ. ಮಾಸ್ತರರು ಮತ್ತೆ ವರ್ಷದ್ದನ್ನೇ ಹಿಡಿದರು. ಅತ್ತಿಗೆಗೆ ಬರಲಾಗಲಿಲ್ಲ. ಮಂಗಳೂರಿನವಳು ಈಗ ಮಕ್ಕಳಿಗೆ ಬುತ್ತಿ ಕಲಸಲು ಹೊಸದೇ ಸರಿ ಎನ್ನತೊಡಗಿದ್ದಾಳೆ. ಅವ್ವನಿಗೆ ಈಗ ಎಂಬತ್ತೊಂದು. ಕೆಳದವಡೆಯಲ್ಲಿ ಎರಡು ಹಲ್ಲು ಉಳಿದಿವೆ. ಮೂರು ವರ್ಷದ ಅನ್ನವನ್ನು ಬೆರಳಲ್ಲಿ ಒತ್ತಿ, "ಇದು ಹಳೇದು, ಚಲೋ ಐತಿ" ಎಂದು ಬದಿಗೆ ಸರಿಸಿ, ಹೊಸದರ ತಪ್ಪಲೆಯನ್ನು ಹತ್ತಿರ ಎಳೆದುಕೊಂಡಳು. "ಇದಕ್ಕ ಇನ್ನೊಂದು ಅರ್ಧ ಲೋಟ ನೀರು ಹಾಕಿ ಮೆತ್ತಗ ಮಾಡಪ್ಪಾ." ನಾನು ಎದ್ದು ಒಲೆ ಹಚ್ಚಿದೆ.