ಬೆಲೆಬಾಳುವ ಆಯುಧ ಮತ್ತು ಶ್ರಾವಕಧರ್ಮ

ಚಳ್ಳಕೆರೆಯ ಶ್ರಾವಕರೊಬ್ಬರು ವಿಚಾರಾರ್ಹವಾದ ಪ್ರಶ್ನೆಯೊಂದನ್ನು ಮುಂದಿಟ್ಟಿದ್ದಾರೆ. ಅವರ ಮನೆಯಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎರಡು ರಿವಾಲ್ವರುಗಳಿವೆ. ಶೇಂಗಾ ವ್ಯಾಪಾರದ ಹಣವನ್ನು ಹೊತ್ತು ಮೊಳಕಾಲ್ಮೂರು, ರಾಯದುರ್ಗಗಳ ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸಂಚರಿಸಬೇಕಾಗಿದ್ದ ಕಾಲದಲ್ಲಿ ಅವರ ಅಜ್ಜ ಪರವಾನಗಿ ಪಡೆದು ಕೊಂಡವು ಅವು. ಒಂದನ್ನು ಕೆಲವು ಸಲ ಬಳಸಿದ್ದುಂಟು. ಇನ್ನೊಂದು ಪೆಟ್ಟಿಗೆಯಿಂದ ಹೊರಬಂದು ಒಂದು ಗುಂಡನ್ನೂ ಹಾರಿಸಿಲ್ಲ. ತಂದೆಯವರಿಗೆ ಈಗ ಎಪ್ಪತ್ತು ದಾಟಿದೆ. ಪರವಾನಗಿ ಯಾರ ಹೆಸರಿಗೆ ಎಂಬ ಮಾತು ಎದ್ದಿದೆ. ಬೆಂಗಳೂರಿನಲ್ಲಿರುವ ಹಿರಿಯ ಮಗ, ಆಯುಧವೆಂದ ಮೇಲೆ ಗುರಿಮೈದಾನದಲ್ಲಿ ಒಮ್ಮೆಯಾದರೂ ಹಾರಿಸಿ ನೋಡಬೇಕೆನ್ನುತ್ತಾನೆ. ಕಿರಿಯವನು, ಹಾರಿಸಿದರೆ ಬೆಲೆ ಬಿದ್ದುಹೋಗುತ್ತದೆ, ಹಾಗೆಯೇ ಕಾಪಾಡೋಣವೆನ್ನುತ್ತಾನೆ. ತಂದೆಯವರ ಮನಸ್ಸಿನಲ್ಲಿರುವುದು ಮೂರನೆಯದು: ಮಾರಿ ಬಂದ ಹಣವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವುದು.

ಕಿರಿಯ ಮಗನ ಮಾತು ಸಂಗ್ರಾಹಕರ ಲೋಕದಲ್ಲಿ ನಿಜವೇ. ಸಿಲಿಂಡರ್ ಒಮ್ಮೆ ತಿರುಗಿದರೂ ಅದರ ಹೊಳಪಿನ ಮೇಲೆ ಸಣ್ಣ ಗೆರೆ ಬೀಳುತ್ತದೆ. ಹಳೆಯ ತೋಟಾಗಳ ಸಿಡಿಮದ್ದಿನಲ್ಲಿರುವ ಲವಣ ನಳಿಗೆಯೊಳಗೆ ತೇವವನ್ನೆಳೆದು ತುಕ್ಕು ಹಿಡಿಸುತ್ತದೆ. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ನಾಗರಿಕರಿಗೆ ವಿದೇಶೀ ಆಯುಧಗಳ ಆಮದು ನಿಂತ ಮೇಲೆ ಇಂಥವುಗಳ ಬೆಲೆ ಏರಿತು. ಕಾಪಾಡುವುದೂ ಸುಲಭವಲ್ಲ. ಚರ್ಮದ ಚೀಲದಲ್ಲಿಟ್ಟರೆ ತೇವ ಕೂಡಿ ತುಕ್ಕು ಹಿಡಿಯುತ್ತದೆ (ಶ್ರಾವಕನ ಮನೆಯಲ್ಲಿ ಆ ಚೀಲವೇ ಬೇರೊಂದು ಪ್ರಶ್ನೆ). ಚಳ್ಳಕೆರೆಯವರಿಗೆ ಎಣ್ಣೆಗೆ ಬರವಿಲ್ಲವಾದರೂ ಶೇಂಗಾ ಎಣ್ಣೆ ಇದಕ್ಕೆ ಸಲ್ಲದು. ಅದು ಕಾಲಕ್ರಮದಲ್ಲಿ ಅಂಟಾಗಿ ಯಂತ್ರವನ್ನು ಹಿಡಿದುಬಿಡುತ್ತದೆ.

ಮೊದಲು ಹಿರಿಯ ಮಗನ ಅಪೇಕ್ಷೆಯನ್ನು ನೋಡೋಣ. ಕಾಗದಕ್ಕೆ ಗುಂಡು ಹೊಡೆದರೆ ಯಾವ ಪ್ರಾಣಿ ಸತ್ತಿತು ಎಂದು ಆತ ಕೇಳುತ್ತಾನೆ. ಕನ್ನಡ ಜೈನ ಓದುಗರಿಗೆ ಇಲ್ಲಿ ಜನ್ನನ ಯಶೋಧರ ಚರಿತೆ ನೆನಪಾಗದೆ ಇರದು. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಹಿಟ್ಟು ಸಾಯಲಿಲ್ಲ, ಕೊಲ್ಲುವ ಸಂಕಲ್ಪ ಹುಟ್ಟಿತು. ಹಾಗೆಂದು ಗುರಿಕಾರನನ್ನೆಲ್ಲ ಘಾತಕನೆನ್ನುವುದು ಅತಿಯಾದೀತು. ದುಂಡು ಗೆರೆಗಳ ಗುರಿಯನ್ನು ನೋಡುವವನು ಕೋಳಿಯನ್ನೂ ಕಾಣುವುದಿಲ್ಲ, ಮನುಷ್ಯನನ್ನೂ ಕಾಣುವುದಿಲ್ಲ. ಕಣ್ಣು ಕೈಗಳ ಏಕಾಗ್ರತೆಯೊಂದೇ ಅಲ್ಲಿರಬಹುದು. ಆದರೆ ಮನುಷ್ಯನ ಆಕಾರ ಬರೆದ ಗುರಿಹಲಗೆಗಳೂ ಇವೆ. ಅದರ ಎದೆಗೆ ಗುರಿಯಿಟ್ಟು ಹಿಗ್ಗುವವನು ಹಿಟ್ಟಿನ ಕೋಳಿಯ ತೀರ ಸಮೀಪದಲ್ಲಿದ್ದಾನೆ. ಮೈದಾನಕ್ಕೆ ಬದಲಾಗಿ ಊರಾಚೆಯ ಕಾವಲಿನಲ್ಲಿ ಹಾರಿಸುವ ಮಾತಂತೂ ಬೇಡ: ಅದು ಅಪರಾಧ, ಮೇಲಾಗಿ ಅಲ್ಲಿ ಕೃಷ್ಣಮೃಗಗಳಿವೆ.

ಕಾಪಾಡುವುದರಲ್ಲಿ ಯಾವ ದೋಷವೂ ಇಲ್ಲವೆಂದು ತೋರುತ್ತದೆ. ನನ್ನ ತಿಳಿವಳಿಕೆಯಲ್ಲಿ ಹೆಚ್ಚು ಕಠಿಣವಾದ ಪ್ರಶ್ನೆ ಇರುವುದು ಇಲ್ಲಿಯೇ. ನಮ್ಮ ಆಚಾರ್ಯರು ಆಯುಧವೆಂಬ ಲೋಹದ ತುಂಡನ್ನು ಪಾಪವೆಂದವರಲ್ಲ. ಹೊರಗಿನ ವಸ್ತುವಿನಿಂದಲೇ ಹಿಂಸೆ ಹುಟ್ಟುವುದಿಲ್ಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿ ಒಪ್ಪುತ್ತಾರೆ. ಅಲ್ಲಿಗೇ ನಿಲ್ಲದೆ, ಆದರೂ ಪರಿಣಾಮಶುದ್ಧಿಗಾಗಿ ಹಿಂಸೆಯ ಆಯತನಗಳಿಂದ, ಎಂದರೆ ಅದು ನೆಲೆಸುವ ತಾಣಗಳಿಂದ, ದೂರ ಸರಿಯಬೇಕೆನ್ನುತ್ತಾರೆ. ಎಣ್ಣೆ ಸವರಿ ಸಿದ್ಧಸ್ಥಿತಿಯಲ್ಲಿ ಕಾಪಾಡಿದ ರಿವಾಲ್ವರ್ ಅಂಥ ಆಯತನವೇ ಅಲ್ಲವೇ? ಅಜ್ಜನವರು ಸ್ಥಿರಚಿತ್ತರಾಗಿದ್ದರು, ಮೊಮ್ಮಗನೂ ಹಾಗಿರಬಹುದು. ಆಯುಧವಾದರೋ ಮೂರು ನಾಲ್ಕು ತಲೆಮಾರು ಬಾಳುತ್ತದೆ. ಬೆಳೆ ಕೈಕೊಟ್ಟ ವರ್ಷ, ಸಾಲ ಏರಿದ ವರ್ಷ, ಪಾಲಿಗಾಗಿ ಅಣ್ಣತಮ್ಮಂದಿರು ಮುಖ ತಿರುಗಿಸಿದ ರಾತ್ರಿ, ಆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರುತ್ತದೆಂದು ಇಂದು ಹೇಳಬಲ್ಲವರಾರು? ಸಿಟ್ಟಿಗೂ ಹತಾಶೆಗೂ ಹತ್ತು ನಿಮಿಷದ ಆಯುಷ್ಯ. ಕೈಗೆಟುಕುವಲ್ಲಿ ಆಯುಧವಿದ್ದರೆ ಆ ಹತ್ತು ನಿಮಿಷವೇ ಸಾಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ತಂದೆತಾಯಿಗಳ ಸೇವೆ, ಸತ್ಯ ಇವುಗಳ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದೃಢತೆಯಿರಬೇಕೆಂದು ಅಲ್ಲಿ ಹೇಳಿದೆ. ಸೈನ್ಯವನ್ನು ವಿಸರ್ಜಿಸದ ಅರಸನ ಮಾತು ಇದೆಂಬುದನ್ನು ಮರೆಯುವಂತಿಲ್ಲ. ದಯೆ ಮನಸ್ಸಿನಲ್ಲಿ ಹುಟ್ಟುವುದು ಎಷ್ಟು ಮುಖ್ಯವೋ ಅಲುಗದೆ ನಿಲ್ಲುವುದೂ ಅಷ್ಟೇ ಮುಖ್ಯವೆಂಬುದು ಆತನಿಗೆ ತಿಳಿದಿತ್ತು.

ನಮ್ಮವರು ಆಯುಧ ಹಿಡಿದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹಿಡಿದಿದ್ದಾರೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾನಿ. ಗೃಹಸ್ಥನಿಗೆ ವಿರೋಧಿ ಹಿಂಸೆಯನ್ನು, ಎಂದರೆ ಆಕ್ರಮಣ ತಡೆಯಲು ಅನಿವಾರ್ಯವಾದುದನ್ನು, ಸಂಕಲ್ಪಿ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿದ್ದಾರೆ. ಅಜ್ಜನವರ ರಿವಾಲ್ವರಿಗೆ ಆ ದಾರಿಯಲ್ಲಿ ಒಂದು ಅರ್ಥವಿತ್ತು. ಕೊಡಗಿನಲ್ಲಿ ಕೈಲ್‌ಪೊಳ್ದಿನಂದು ಪೂಜೆಗೊಳ್ಳುವ ಕೋವಿಗೂ ಆ ಸಮಾಜದ ಬಾಳಿನಲ್ಲಿ ಅದರದೇ ಅರ್ಥವಿದೆ. ಪರವಾನಗಿಯ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷ ಮುಂದುವರಿಸಿತು. ಆದರೆ ಚಳ್ಳಕೆರೆಯ ವ್ಯಾಪಾರಿಯ ಹಣ ಇಂದು ಬ್ಯಾಂಕಿನ ಮೂಲಕ ಹೋಗುತ್ತದೆ. ಆಯುಧದ ಪ್ರಯೋಜನ ಕಳೆದುಹೋಗಿ, ಅಪರೂಪವೆಂಬ ಬೆಲೆ ಮಾತ್ರ ಉಳಿದಿದೆ. ಪ್ರಯೋಜನವಿಲ್ಲದ ಹಿಂಸೋಪಕರಣಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರುಂಟು: ಅದು ಅನರ್ಥದಂಡದ ವಿಷಯ. ಸಂಗ್ರಾಹಕನ ದೃಷ್ಟಿಯಲ್ಲಿ ಏರಿದಷ್ಟೂ ಅದು ಶ್ರಾವಕನ ದೃಷ್ಟಿಯಲ್ಲಿ ಅನರ್ಥಕ್ಕೆ ಹತ್ತಿರವಾಗುತ್ತದೆ. ಬೆಲೆಯ ಮೇಲಿನ ಮೂರ್ಛೆಯೇ ಪರಿಗ್ರಹವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮಾರಾಟ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನು, ಎಂದರೆ ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು, ಅವುಗಳಲ್ಲಿ ಸೇರಿಸಿದ್ದಾರೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಆಯುಧದ ಮಾರಾಟವನ್ನು ವಿಷವಾಣಿಜ್ಯದಲ್ಲಿ ಎಣಿಸುತ್ತಾರೆ. ಇಲ್ಲಿ ಚಳ್ಳಕೆರೆಯವರ ಆಕ್ಷೇಪವೊಂದು ಬರಬಹುದು. ವಿಷವಾಣಿಜ್ಯವಿರುವ ಆ ಹದಿನೈದು ಕರ್ಮಾದಾನಗಳ ಪಟ್ಟಿಯಲ್ಲಿಯೇ ಯಂತ್ರಪೀಡನವೂ ಇದೆ. ಎಣ್ಣೆ ಗಾಣ ಆಡಿಸುವುದು ಅದರಲ್ಲಿ ಸೇರುತ್ತದೆ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು ಏನು ಮಾಡಬೇಕು? ಆಕ್ಷೇಪ ಹಗುರವಾದುದಲ್ಲ. ಗಾಣದ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಊರು ಉಣ್ಣುತ್ತದೆ, ಕೂಲಿಯವರ ಒಲೆ ಉರಿಯುತ್ತದೆ. ದೋಷವಿರುವ ಜೀವನೋಪಾಯವನ್ನು ಯತ್ನಾಚಾರದಿಂದ ತಗ್ಗಿಸಿಕೊಳ್ಳಬಹುದು. ಯಾರ ಹೊಟ್ಟೆಗೂ ಬೇಡವಾದ ರಿವಾಲ್ವರನ್ನು ಅಪರಿಚಿತನ ಕೈಗೆ ಸಿದ್ಧಸ್ಥಿತಿಯಲ್ಲಿ ದಾಟಿಸುವುದಕ್ಕೆ ಆ ಸಮಾಧಾನ ಒದಗುವುದಿಲ್ಲ. ಆ ಹಣ ಬಸದಿಯ ಗೋಡೆಗೆ ಸೇರಿದರೂ ಆಯುಧ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಉಳಿಯುತ್ತದೆ.

ಹಾಗಾದರೆ ಇತಿಹಾಸದ ವಸ್ತುವನ್ನು ಕುಲುಮೆಗೆ ಹಾಕಬೇಕೇ? ಅಗತ್ಯವಿಲ್ಲ. ಭಗತ್ ಸಿಂಗರ ಪಿಸ್ತೂಲು ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಬಹುಕಾಲ ಗುರುತಿಲ್ಲದೆ ಬಿದ್ದಿತ್ತು. ಮೇಲಿನ ಕಪ್ಪು ಬಣ್ಣವನ್ನು ಕೆರೆದಾಗ ಸಂಖ್ಯೆ ಕಂಡು ಅದರ ಗುರುತು ಸಿಕ್ಕಿತು. 2017ರಲ್ಲಿ ಅದನ್ನು ಪಂಜಾಬಿನ ಹುಸೇನಿವಾಲಾಕ್ಕೆ ಸಾಗಿಸಲಾಯಿತು. ಅದು ಈಗ ಸಾಕ್ಷ್ಯ. ಅದನ್ನು ಯಾರೂ ಹಾರಿಸಿ ನೋಡಬೇಕಿಲ್ಲ. ಕಾನೂನಿನಲ್ಲಿಯೂ ಈ ದಾರಿಗೆ ಎಡೆಯಿದೆ. 1959ರ ಆಯುಧ ಕಾಯಿದೆಯ 45ನೆಯ ಕಲಮಿನಂತೆ, ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧ ಕಾಯಿದೆಯ ಕಟ್ಟಿಗೆ ಒಳಪಡುವುದಿಲ್ಲ. 2019ರ ತಿದ್ದುಪಡಿಯ ನಂತರ ಪಿತ್ರಾರ್ಜಿತವಾಗಿ ಬಂದುದನ್ನೂ ಸೇರಿಸಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಸಲ್ಲದು. ಬೇಡವಾದುದನ್ನು ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಒಪ್ಪಿಸುವ ಕ್ರಮವೂ ಇದೆ.

ಆದುದರಿಂದ ಈ ಮನೆಯವರಿಗೆ ನನ್ನ ಸಲಹೆ ಇದು. ಬಳಸಿದ ರಿವಾಲ್ವರನ್ನು ಠಾಣೆಗೆ ಒಪ್ಪಿಸಲಿ. ಬಳಸದಿರುವುದನ್ನು, ಅಧಿಕಾರಿಗಳ ಅನುಮತಿ ಪಡೆದು, ಅಧಿಕೃತರ ಕೈಯಿಂದ ಎಂದೂ ಹಾರಿಸಲಾಗದಂತೆ ಮಾಡಿಸಿ, ಒಪ್ಪುವ ಸಂಗ್ರಹಾಲಯಕ್ಕೆ ಕೊಡಲಿ. ಬೆಲೆ ಹೋಗುತ್ತದೆಂದು ಕಿರಿಯ ಮಗ ನೊಂದುಕೊಳ್ಳುವನು. ನಷ್ಟ ನಿಜವಾದುದೇ, ಅದನ್ನು ಸಣ್ಣದೆಂದು ಹೇಳಿ ಅವನನ್ನು ಸಂತೈಸಬೇಕಿಲ್ಲ. ಅಜ್ಜನವರ ಪರವಾನಗಿ ಪುಸ್ತಕ, ಖರೀದಿಯ ರಸೀದಿ, ಆ ಕಾಲದ ಲೆಕ್ಕದ ವಹಿಗಳು ಮನೆಯಲ್ಲಿಯೇ ಉಳಿಯಲಿ. ಆ ದಾರಿಗಳ ಭಯ ಎಂಥದೆಂಬುದನ್ನು ಮೊಮ್ಮಕ್ಕಳಿಗೆ ಹೇಳಲು ಅವು ಸಾಕು. ಬಸದಿಗಳ ಟ್ರಸ್ಟಿನವರು ಇಂಥ ಮಾರಾಟದ ಹಣವನ್ನು ವಿನಯದಿಂದಲೇ ನಿರಾಕರಿಸುವುದು ಲೇಸು. ತಂದೆಯವರು ಜೀರ್ಣೋದ್ಧಾರಕ್ಕೆ ಕೊಡಬೇಕೆಂದಿರುವುದನ್ನು, ಅದು ಕಡಮೆಯಾದರೂ ಸರಿ, ಈ ವರ್ಷದ ಶೇಂಗಾ ಲೆಕ್ಕದಿಂದ ಕೊಡಲಿ.