ಉದ್ಧಾರಕರ ಲೆಕ್ಕಪತ್ರ

ಇಂಗ್ಲಿಷರು ನಮ್ಮ ದೇಶವನ್ನು ಆಳಿದ್ದು ಲಾಭಕ್ಕಾಗಿಯೋ, ನಮ್ಮ ಉದ್ಧಾರಕ್ಕಾಗಿಯೋ? ಈ ಪ್ರಶ್ನೆಗೆ ಉತ್ತರ ಸುಲಭವೆಂದು ನಾವೆಲ್ಲ ಭಾವಿಸಿದ್ದೇವೆ. ಲಾಭಕ್ಕೆ, ಉದ್ಧಾರವೆಂಬುದು ಬರಿಯ ವೇಷ. ಈ ಉತ್ತರ ತಪ್ಪೇನೂ ಅಲ್ಲ. ಆದರೆ ವೇಷ ತೊಟ್ಟವನು ಅದನ್ನು ತಾನೇ ನಂಬಿಬಿಟ್ಟರೆ ಏನಾಗುತ್ತದೆಂಬುದನ್ನು ಅದು ಹೇಳುವುದಿಲ್ಲ. ಮೈಸೂರಿನ ಕಥೆ ಹೇಳುತ್ತದೆ.

1799ರ ಮಾರ್ಚ್ ಕೊನೆಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ಮಳವಳ್ಳಿಯ ಕಾಳಗ ಮುಗಿಸಿ, ತಿರುಮಕೂಡಲಿಗೆ ಸಮೀಪದ ಸೋಸಲೆಯಲ್ಲಿ ಕಾವೇರಿಯನ್ನು ದಾಟಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಆಗಿನ ಸಮರ್ಥನೆಗೆ ಹೆಚ್ಚು ಅಲಂಕಾರವಿರಲಿಲ್ಲ: ಟಿಪ್ಪು ಫ್ರೆಂಚರ ಮಿತ್ರ, ಆದ್ದರಿಂದ ಅಪಾಯ. ಮರುವರ್ಷವೇ ವೆಲ್ಲೆಸ್ಲಿ, ಬುಕಾನನ್ ಎಂಬ ವೈದ್ಯನನ್ನು ಬೆಳೆ, ಹತ್ತಿ, ಮೆಣಸು, ಗಂಧಗಳ ವಿವರ ಬರೆದು ತರಲು ಕಳುಹಿಸಿದ. ಕಾವೇರಿಯ ದಕ್ಷಿಣದ ನಮ್ಮ ಸೀಮೆಯಲ್ಲೂ ಆತ ತಿರುಗಿದ. ರೈತನ ನೇಗಿಲನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಪರದೇಶಿ ಅಪರೂಪ. ಅಂಗಡಿಗೆ ಹೊಸದಾಗಿ ಯಜಮಾನನಾದವನೂ ದಾಸ್ತಾನನ್ನು ಹಾಗೆಯೇ ನೋಡುತ್ತಾನೆನ್ನಿ!

ಮುಖ್ಯವಾದ ಘಟನೆ ನಡೆದದ್ದು 1831ರಲ್ಲಿ. ಮಲೆನಾಡಿನ ನಗರದಲ್ಲಿ ರೈತರು ದಂಗೆಯೆದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತ ನಿರ್ದೋಷವಾಗಿರಲಿಲ್ಲ. ಸಾಲವಿತ್ತು, ಅಮಲ್ದಾರರ ಕಾಟವೂ ಇತ್ತು. ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನು ಕಿತ್ತುಕೊಂಡ. ನಗರವೆಲ್ಲಿ, ಬಿಳಿಗೆರೆಯೆಲ್ಲಿ! ಆದರೂ ನಗರದ ದಂಗೆಯ ಹೆಸರಿನಲ್ಲಿ ನಂಜನಗೂಡು, ಬಿಳಿಗೆರೆ, ನರಸೀಪುರಗಳ ಕಂದಾಯವೂ ಕಂಪನಿಯ ಅಧಿಕಾರಿಗಳ ಕೈಗೆ ಹೋಯಿತು. ಅನಂತರ ವಿಚಾರಣೆಗೆಂದು ನಾಲ್ವರ ಸಮಿತಿಯನ್ನು ನೇಮಿಸಿದರು. ಅರಸರ ಮೇಲಿನ ದೂರುಗಳಲ್ಲಿ ಉತ್ಪ್ರೇಕ್ಷೆಯಿದೆಯೆಂದು 1833ರಲ್ಲಿ ಅದು ವರದಿ ಕೊಟ್ಟಿತು. ಬೆಂಟಿಂಕನೇ ಮರುವರ್ಷ ಪಶ್ಚಾತ್ತಾಪಪಟ್ಟು, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು ಬರೆದ. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಆ ಸಮಿತಿಯ ಸದಸ್ಯರಲ್ಲೊಬ್ಬ ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಮೈಸೂರನ್ನು ಆಳಿದ ಕಮಿಷನರ್ ಆತನೇ.

ಕಬ್ಬನ್ ದುಷ್ಟನಲ್ಲ. ಕಷ್ಟವಿರುವುದೇ ಅಲ್ಲಿ. ಏಳುನೂರಕ್ಕೂ ಹೆಚ್ಚು ಸಣ್ಣಪುಟ್ಟ ತೆರಿಗೆಗಳನ್ನು ಆತ ತೆಗೆದುಹಾಕಿದ, ರಸ್ತೆಗಳನ್ನು ಹಾಕಿಸಿದ. ಹಳಬರು ಅವನನ್ನು ಹೊಗಳಿದರೆ ಅದು ಗುಲಾಮಬುದ್ಧಿಯೆಂದು ನಾನು ಹೇಳಲಾರೆ. ಆದರೆ ನೆರೆಯವನು ನೀರು ಸರಿಯಾಗಿ ಹಾಯಿಸುತ್ತಿಲ್ಲವೆಂದು ಅವನ ಗದ್ದೆಯನ್ನೇ ವಶಪಡಿಸಿಕೊಂಡು, ಅದರ ಫಸಲಿನ ಹಣದಿಂದಲೇ ಕಾಲುವೆ ತೋಡಿಸಿದವನಿಗೆ ಗದ್ದೆ ಸ್ವಂತವಾಗುವುದೇ? ಕಾಲುವೆ ಒಳ್ಳೆಯದೇ, ಹಕ್ಕಿನ ಪ್ರಶ್ನೆ ಬೇರೆ.

ಇದಕ್ಕೆ ತತ್ತ್ವದ ಬೆಂಬಲವನ್ನೂ ಒದಗಿಸಲಾಯಿತು. ಸ್ವಾತಂತ್ರ್ಯದ ಮೇಲೆ 1859ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಜಾನ್ ಸ್ಟೂಅರ್ಟ್ ಮಿಲ್, ಇನ್ನೂ ಪ್ರಬುದ್ಧರಾಗದ ಜನಾಂಗಗಳಿಗೆ ನಿರಂಕುಶ ಆಳ್ವಿಕೆ ಸಲ್ಲುತ್ತದೆ, ಗುರಿ ಅವರ ಏಳ್ಗೆಯಾಗಿದ್ದರೆ ಸಾಕು ಎಂದ. ಆತ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಮಗು ಪ್ರಾಯಕ್ಕೆ ಬಂದಿತೇ ಎಂದು ನಿರ್ಣಯಿಸುವವನು ಯಾರು? ಪೋಷಕನೇ. ಆಸ್ತಿಯಿಂದ ಸಂಬಳ ಪಡೆಯುವ ಪೋಷಕನಿಗೆ ಮಗು ಬೆಳೆದದ್ದು ಬೇಗ ಕಣ್ಣಿಗೆ ಬೀಳುವುದುಂಟೇ?

ಒಂದು ಮಾತನ್ನು ಮಾತ್ರ ಒಪ್ಪಬೇಕು. ಕೊಳ್ಳೆ ಹೊಡೆಯಲು ಬಂದೆನೆಂದವನಿಗೆ ಅದು ಅನ್ಯಾಯವೆಂದರೆ ನಾಟುವುದಿಲ್ಲ. ಧರ್ಮದ ಮಾತಾಡಿದವನನ್ನು ಆ ಮಾತಿನಿಂದಲೇ ಹಿಡಿಯಬಹುದು. ಮೈಸೂರನ್ನು ನುಂಗುವ ಯೋಚನೆಯನ್ನು 1866ರಲ್ಲಿ ಜಾನ್ ಮಾರ್ಲಿ ಇಂಗ್ಲಿಷ್ ಪತ್ರಿಕೆಯಲ್ಲೇ ಚರ್ಚೆಗೆಳೆದ. ಮರುವರ್ಷ ಅರಸರ ದತ್ತುಪುತ್ರನ ಹಕ್ಕಿಗೆ ಮನ್ನಣೆ ದೊರೆಯಿತು. ಇದರಲ್ಲಿ ಲಜ್ಜೆ ಎಷ್ಟು, 1857ರ ನಂತರ ದೇಶೀಯ ಅರಸರ ಸ್ನೇಹ ಬೇಕೆಂಬ ಲೆಕ್ಕಾಚಾರ ಎಷ್ಟು ಎಂದು ತೂಗಿ ಹೇಳುವುದು ಕಷ್ಟ. ಎರಡೂ ಇದ್ದವೆಂದು ನನ್ನ ಭಾವನೆ.

ರಾಜ್ಯ ಹಿಂದಕ್ಕೆ ಬಂದದ್ದು 1881ರ ಮಾರ್ಚಿಯಲ್ಲಿ. ಅದಕ್ಕೆ ಮೊದಲು 1876–78ರ ಬರ ಬಂದುಹೋಗಿತ್ತು, ಸುವ್ಯವಸ್ಥಿತವೆನಿಸಿದ ಕಮಿಷನರರ ಆಳ್ವಿಕೆಯಲ್ಲೇ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಬೊಕ್ಕಸ ಬರಿದಾಗಿ 80 ಲಕ್ಷ ರೂಪಾಯಿ ಸಾಲ ಉಳಿದಿತ್ತು. 1831ರಲ್ಲಿ ಆಡಳಿತವನ್ನು ವಹಿಸಿಕೊಂಡದ್ದು, ಕಂಪನಿಗೆ ವರ್ಷಕ್ಕೆ ಸಲ್ಲಬೇಕಾದ 24.5 ಲಕ್ಷ ರೂಪಾಯಿ ಪೊಗದಿಗೆ ಅಪಾಯ ಬಂದೀತೆಂಬ ಒಪ್ಪಂದದ ವಿಧಿಯನ್ನು ಹಿಡಿದು. ಹಿಂದಿರುಗಿಸುವಾಗ ಅದೇ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬರದಿಂದ ಬಡವಾದ ರಾಜ್ಯ ಕೊಡಲಾರದೆಂದು ಏರಿಕೆಯ ವಸೂಲಿ ಮಾತ್ರ 1896ರವರೆಗೆ ಮುಂದಕ್ಕೆ ಹೋಯಿತು.